ಶೋಪಾನ್ ಪ್ರೆಲ್ಯೂಡುಗಳ ಆಕ್ಸೆಂಟ್ ಚಿಹ್ನೆಗಳು: ಹಸ್ತಪ್ರತಿಯನ್ನು ನಂಬಬೇಕೇ, ಮೊದಲ ಮುದ್ರಣವನ್ನೇ?

ಸಂಗೀತ ರಚನಕಾರ ಶೋಪಾನನ ಆಪಸ್ (ಕೃತಿಸಂಖ್ಯೆ) 28ರ ಪ್ರೆಲ್ಯೂಡುಗಳಲ್ಲಿ, ಅಂದರೆ ಪುಟ್ಟ ಪಿಯಾನೊ ರಚನೆಗಳಲ್ಲಿ, ಒಂದೇ ಸ್ವರಕ್ಕೆ ಒಂದು ಮುದ್ರಣದಲ್ಲಿ ಗಿಡ್ಡ ಆಕ್ಸೆಂಟ್ (ಸ್ವರಕ್ಕೆ ಒತ್ತು ಕೊಡಲು ಹೇಳುವ > ಗುರುತು), ಇನ್ನೊಂದರಲ್ಲಿ ಉದ್ದನೆಯ ಡಿಮಿನ್ಯುಎಂಡೊ ಗೆರೆ (ದನಿಯನ್ನು ಕ್ರಮೇಣ ತಗ್ಗಿಸಲು ಹೇಳುವ, ಅದೇ ಆಕಾರದ ಗುರುತು) ಕಾಣುತ್ತದೆ, ಇವುಗಳಲ್ಲಿ ಯಾವುದು ಸರಿ ಎಂದು ತಾವು ಕೇಳಿದ್ದೀರಿ. ಪಿಯಾನೊ ಕಲಿಸುವ ಕೆಲಸದ ಜೊತೆಗೆ ಈ ಮೂಲಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ಅಭ್ಯಾಸ ನನಗಿರುವುದರಿಂದ, ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಎಷ್ಟು ಮುದ್ರಣಗಳಲ್ಲಿ ಯಾವ ಚಿಹ್ನೆ ಇದೆ ಎಂದು ಎಣಿಸಿ ತೀರ್ಮಾನಕ್ಕೆ ಬರಬೇಡಿ. ಹಳಗನ್ನಡ ಕಾವ್ಯಗಳ ಗ್ರಂಥಸಂಪಾದನೆಯಲ್ಲಿ ಓಲೆಗರಿ ಪ್ರತಿಗಳ ವಂಶವೃಕ್ಷವನ್ನು ಮೊದಲು ಬರೆದುಕೊಳ್ಳುವಂತೆ, ಇಲ್ಲಿಯೂ ಯಾವುದು ಯಾವುದರಿಂದ ಹುಟ್ಟಿತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. 1839ರ ಜನವರಿಯಲ್ಲಿ ಶೋಪಾನ್ ಮಯೋರ್ಕಾ ದ್ವೀಪದಿಂದ ತನ್ನ ಹಸ್ತಪ್ರತಿಯನ್ನು ಪ್ಯಾರಿಸ್ಸಿನಲ್ಲಿದ್ದ ಗೆಳೆಯ ಯೂಲಿಯನ್ ಫೊಂಟಾನನಿಗೆ ಕಳುಹಿಸಿದ. ಫೊಂಟಾನ ಅದರ ನಕಲು ಮಾಡಿದ. ಈಗ ವಾರ್ಸಾದ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಆ ಮೂಲ ಹಸ್ತಪ್ರತಿಯಿಂದ ಪ್ಯಾರಿಸ್ಸಿನ ಪ್ರಕಾಶಕ ಕಾತ್ಲಾಂನ ಮುದ್ರಣವೂ, ಫೊಂಟಾನನ ನಕಲಿನಿಂದ ಲೈಪ್‌ಜಿಗ್‌ನ ಬ್ರೈಟ್‌ಕಾಫ್ ಮುದ್ರಣವೂ ಅದೇ ವರ್ಷ ಹೊರಬಂದವು. ಲಂಡನ್ನಿನ ವೆಸೆಲ್ ಮುದ್ರಣವು ಫ್ರೆಂಚ್ ಮುದ್ರಣವನ್ನು ಅನುಸರಿಸಿದ್ದು. ಹಾಗಾಗಿ ಪ್ಯಾರಿಸ್ ಮತ್ತು ಲಂಡನ್ ಒಂದೇ ಚಿಹ್ನೆಯನ್ನು ತೋರಿಸಿದರೆ ಅದು ಎರಡು ಸಾಕ್ಷ್ಯವಲ್ಲ, ಒಂದೇ ಸಾಕ್ಷ್ಯ. ಲೈಪ್‌ಜಿಗ್ ಮುದ್ರಣದಲ್ಲಿ ಮಾತ್ರ ಕಾಣುವ ವ್ಯತ್ಯಾಸವು ಫೊಂಟಾನನ ಲೇಖನಿಯಿಂದಲೋ ಅಚ್ಚಿನ ಕೆಲಸಗಾರನ ಕೈಯಿಂದಲೋ ಬಂದಿರುವ ಸಾಧ್ಯತೆಯೇ ಹೆಚ್ಚು. ಫ್ರೆಂಚ್ ಮುದ್ರಣಗಳ ಪ್ರೂಫನ್ನು ಶೋಪಾನ್ ತಾನೇ ತಿದ್ದುತ್ತಿದ್ದ ಎಂಬ ಮಾತು ಅನೇಕ ಕೃತಿಗಳಿಗೆ ಸಲ್ಲುತ್ತದೆಯಾದರೂ, 1839ರ ಅಕ್ಟೋಬರ್‌ವರೆಗೆ ಆತ ಪ್ಯಾರಿಸ್ಸಿಗೆ ಮರಳಿರಲಿಲ್ಲವಾದ್ದರಿಂದ, ಪ್ರೆಲ್ಯೂಡುಗಳ ವಿಷಯದಲ್ಲಿ ಅದನ್ನು ಆಧಾರವಾಗಿ ಹಿಡಿಯುವುದು ಕ್ಷೇಮವಲ್ಲ.

ಇನ್ನು ಚಿಹ್ನೆಯ ವಿಷಯ. ಶೋಪಾನನ ಕೈಬರಹದಲ್ಲಿ ಈ ಕೋನಾಕಾರದ ಗುರುತು ಒಂದೇ ಅಳತೆಯದಲ್ಲ. ಕೆಲವೆಡೆ ಅದು ಸ್ವರದ ತಲೆಯಷ್ಟೇ ಅಗಲ. ಕೆಲವೆಡೆ ಎರಡು ಮೂರು ಸ್ವರಗಳವರೆಗೆ ಚಾಚಿಕೊಂಡಿರುತ್ತದೆ. ಇನ್ನು ಕೆಲವೆಡೆ ನಿಸ್ಸಂದೇಹವಾಗಿ ಡಿಮಿನ್ಯುಎಂಡೊ. ನಡುವಿನದನ್ನು ಇಂದಿನ ಸಂಪಾದಕರು ‘ಉದ್ದ ಆಕ್ಸೆಂಟ್’ ಎನ್ನುತ್ತಾರೆ: ಅಲ್ಲಿ ಒತ್ತು ಹೊಡೆತದಂತೆ ಬಿದ್ದು ಮುಗಿಯದೆ, ಭಾವಪೂರ್ಣವಾಗಿ ಕೊಂಚ ಕಾಲ ನಿಂತು ನಿಧಾನವಾಗಿ ಇಳಿಯುತ್ತದೆ. ಆದರೆ ಲೋಹದ ತಗಡಿನ ಮೇಲೆ ಅಚ್ಚು ಕೊರೆಯುತ್ತಿದ್ದವನ ಬಳಿ ಗಿಡ್ಡ ಆಕ್ಸೆಂಟಿಗೆ ಒಂದೇ ಅಳತೆಯ ಅಚ್ಚುಮೊಳೆ ಇರುತ್ತಿತ್ತು, ಅದನ್ನು ಸುತ್ತಿಗೆಯಿಂದ ಹೊಡೆಯುತ್ತಿದ್ದ. ಡಿಮಿನ್ಯುಎಂಡೊ ಗೆರೆಗಳನ್ನು ಉಳಿಯಿಂದ ಕೈಯಾರೆ ಗೀರುತ್ತಿದ್ದ. ಇವೆರಡರ ನಡುವಿನ ಗುರುತು ಎದುರಾದಾಗ ಆತ ಮೊಳೆ ಹಿಡಿಯಬೇಕೋ ಉಳಿ ಹಿಡಿಯಬೇಕೋ ಎಂದು ಅಲ್ಲೇ ನಿರ್ಧರಿಸಬೇಕಿತ್ತು. ತಾವು ನೋಡಿದ ಭೇದದ ಮೂಲ ಬಹುಮಟ್ಟಿಗೆ ಇಲ್ಲಿದೆ ಎಂದು ನನ್ನ ನಂಬಿಕೆ. ಎರಡು ಮುದ್ರಣಗಳ ಕೆಲಸಗಾರರಿಬ್ಬರೂ ಶೋಪಾನನನ್ನು ಮೀರಿ ಏನನ್ನೂ ಸೇರಿಸಿರದೆ, ಒಂದೇ ಗುರುತನ್ನು ಎರಡು ಬಗೆಯಾಗಿ ಓದಿರಬಹುದು.

ಆದ್ದರಿಂದ ಹಸ್ತಪ್ರತಿಯಲ್ಲಿ ಗುರುತಿನ ಉದ್ದವೊಂದನ್ನೇ ಅಳೆದು ಬಿಡಬಾರದು. ಅದೇ ಪುಟದಲ್ಲಿ ಅರ್ಥ ಸ್ಪಷ್ಟವಾಗಿರುವ ಬೇರೆ ಗುರುತುಗಳನ್ನು ಮೊದಲು ಆರಿಸಿಕೊಂಡು, ಅನುಮಾನವಿರುವುದನ್ನು ಅವುಗಳ ಪಕ್ಕದಲ್ಲಿಟ್ಟು ನೋಡಬೇಕು. ಕೋನದ ಬಾಯಿ ಸ್ವರದ ನೇರಕ್ಕೆ ತೆರೆಯುತ್ತದೆಯೋ ಸ್ವರ ದಾಟಿದ ಮೇಲೆ ತೆರೆಯುತ್ತದೆಯೋ, ಎರಡು ಸಾಲುಗಳ ನಡುವೆ ಇದ್ದರೆ ಯಾವ ಕೈಯ ಸ್ವರಕ್ಕೆ ಹತ್ತಿರವಿದೆ, ಅದೇ ಪದಗುಚ್ಛ ಮರಳಿ ಬಂದಾಗ ಆತ ಏನು ಬರೆದಿದ್ದಾನೆ ಎಂಬುವು ಉದ್ದಕ್ಕಿಂತ ಹೆಚ್ಚು ಹೇಳುತ್ತವೆ. ಆದರೆ ಮರಳಿ ಬಂದಾಗಿನ ಗುರುತು ಬೇರೆಯಾಗಿದ್ದರೆ, ಎರಡನ್ನೂ ಒಂದಾಗಿಸುವ ಆಸೆಯನ್ನು ದಯವಿಟ್ಟು ತಡೆಯಿರಿ. ಹತ್ತೊಂಬತ್ತನೆಯ ಶತಮಾನದ ಅನೇಕ ಸಂಪಾದಕರು ಹಾಗೆ ಒಂದಾಗಿಸಿದ್ದರಿಂದಲೇ ಶೋಪಾನ್ ಬೇಕೆಂದೇ ಮಾಡಿದ ಬದಲಾವಣೆಗಳು ಕಳೆದುಹೋದವು, ಇದು ನನಗೆ ನಿಜವಾಗಿಯೂ ನೋವು ತರುವ ಸಂಗತಿ.

ಈ ತೊಡಕು ಶೋಪಾನನೊಬ್ಬನದಲ್ಲ. ಇನ್ನೊಬ್ಬ ರಚನಕಾರ ಶೂಬರ್ಟನ ಆಕ್ಸೆಂಟುಗಳೂ ಡಿಮಿನ್ಯುಎಂಡೊದಷ್ಟೇ ಉದ್ದಕ್ಕೆ ಹರಿಯುತ್ತವೆ. ಆತನ ಆಪಸ್ 90ರ ಮೂರನೆಯ ಇಂಪ್ರಾಂಪ್ಟು (ಇದೂ ಒಂದು ಕಿರು ಪಿಯಾನೊ ರಚನೆ) 1827ರಲ್ಲಿ ರಚನೆಯಾಗಿ, ಆತ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ 1857ರಲ್ಲಿ, ಶ್ರುತಿಯನ್ನೂ ತಾಳವಿಭಾಗವನ್ನೂ ಬದಲಿಸಿಕೊಂಡು ಅಚ್ಚಾಯಿತು. ಅಂಥ ಕಡೆ ಮೊದಲ ಮುದ್ರಣಕ್ಕೆ ಹಸ್ತಪ್ರತಿಯ ಎದುರು ಯಾವ ಅಧಿಕಾರವೂ ಇಲ್ಲ.

ಹೋಲಿಕೆಗೆ ‘ಆನ್‌ಲೈನ್ ಶೋಪಾನ್ ವೇರಿಯೋರಮ್ ಎಡಿಷನ್’ ಎಂಬ ಜಾಲತಾಣವನ್ನು ಬಳಸಿ. ಅಲ್ಲಿ ಹಸ್ತಪ್ರತಿ ಮತ್ತು ಮೊದಲ ಮುದ್ರಣಗಳ ಒಂದೊಂದು ಬಾರನ್ನೂ (ಉದ್ದಗೆರೆಗಳ ನಡುವಿನ ತಾಳಖಂಡವನ್ನೂ) ಪಕ್ಕಪಕ್ಕದಲ್ಲಿ ನೋಡಬಹುದು. ನುಡಿಸಲು ಯಾನ್ ಎಕಿಯೆರ್ ಸಂಪಾದಿಸಿದ ಪೋಲಿಷ್ ನ್ಯಾಷನಲ್ ಎಡಿಷನ್ ಇಟ್ಟುಕೊಳ್ಳಿ. ಅದು ಗಿಡ್ಡ ಮತ್ತು ಉದ್ದ ಆಕ್ಸೆಂಟುಗಳನ್ನು ಬೇರೆಬೇರೆಯಾಗಿಯೇ ಅಚ್ಚಿಸುತ್ತದೆ. ಶೋಪಾನನ ಶಿಷ್ಯೆ ಜೇನ್ ಸ್ಟರ್ಲಿಂಗ್ ಬಳಸುತ್ತಿದ್ದ ಮುದ್ರಿತ ಪ್ರತಿಗಳಲ್ಲಿ ಪೆನ್ಸಿಲ್ ಗುರುತುಗಳೂ ಉಳಿದಿವೆ. ಅವನ್ನು ಮುದ್ರಣದ ತಿದ್ದುಪಡಿಯೆಂದು ಕೂಡಲೇ ಒಪ್ಪಿಕೊಳ್ಳದೆ, ಪಾಠದ ವೇಳೆ ಆ ಶಿಷ್ಯೆಗೆ ಹೇಳಿದ ಮಾತಾಗಿರಬಹುದೇ ಎಂದು ಮೊದಲು ಯೋಚಿಸಿ, ನಿಮ್ಮ ಟಿಪ್ಪಣಿಯಲ್ಲಿ ಬೇರೆ ಕಾಲಮಿನಲ್ಲಿಯೇ ಬರೆದುಕೊಳ್ಳಿ.