ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಗಂಟೆ ಯಾಕೆ ಬೇರೆ?

ಪ್ರಶ್ನೆ: ಅಮ್ಮ ಮೊದಲ ಸಲ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾರೆ. ಬೆಂಗಳೂರಿನಿಂದ ಸುಮಾರು 14,000 ಕಿ.ಮೀ. ಅಂತೆ. ಗಂಟೆಗೆ 900 ಕಿ.ಮೀ. ವೇಗ ಅಂದ್ರೆ ಹದಿನೈದೂವರೆ ಗಂಟೆ ಸಾಕಲ್ವಾ? ಎಲ್ಲೂ ಇಳಿಯದೆ ಹಾರಿದರೂ ಅದಕ್ಕಿಂತ ಜಾಸ್ತಿ, ಬರುವಾಗ ಇನ್ನೂ ಜಾಸ್ತಿ ಎನ್ನುತ್ತಾರೆ. ಯಾಕೆ?
– ಓದುಗರು, ಮೈಸೂರು

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಆದರೆ 14,000 ಕಿ.ಮೀ. ಎನ್ನುವುದು ಭೂಮಿಯ ಮೇಲೆ ಎಳೆದ ಅತಿ ಹತ್ತಿರದ ಗೆರೆ. ವಿಮಾನ ಆ ಗೆರೆ ಹಿಡಿದು ಹೋಗುವುದಿಲ್ಲ.

ಮನೆಯಲ್ಲಿ ಗ್ಲೋಬ್ ಇದ್ದರೆ ಈ ಎರಡು ಊರುಗಳ ನಡುವೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ. ದಾರ ಸೀದಾ ಪೂರ್ವಕ್ಕೆ ಹೋಗದೆ ಉತ್ತರಕ್ಕೆ ಏರುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ತೊಡಕು ಇರುವುದು ಟಿಬೆಟ್‌ನಲ್ಲಿ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗ ಸುಮಾರು 10,000 ಅಡಿಗೆ, ಅಂದರೆ 3 ಕಿ.ಮೀ. ಎತ್ತರಕ್ಕೆ ಇಳಿಯಬೇಕು. ಅಲ್ಲಿ ನೆಲವೇ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ! ಅದಕ್ಕೇ ಸಾಮಾನ್ಯವಾಗಿ ಸುತ್ತು ಹಾಕಿ ಹೋಗುತ್ತಾರೆ. ಈ ಸುತ್ತಿನ ಬಗ್ಗೆ ಬೇಸರ ಬೇಡ, ಅದು ಅಮ್ಮನ ಸುರಕ್ಷತೆಗಾಗಿಯೇ ಇದೆ.

ಇನ್ನು ಗಾಳಿ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ. ಚಳಿಗಾಲದಲ್ಲಿ ಅದರ ವೇಗ ಎಷ್ಟೋ ಸಲ ಗಂಟೆಗೆ 200 ಕಿ.ಮೀ. ಮೀರುತ್ತದೆ. ಪೆಸಿಫಿಕ್ ದಾಟಿ ಹೋಗುವಾಗ ಅದು ಬೆನ್ನಿಗೆ ತಳ್ಳುತ್ತದೆ, ಅದೇ ದಾರಿಯಲ್ಲಿ ಬರುವಾಗ ಎದುರಿಗೆ ನಿಲ್ಲುತ್ತದೆ. ಹಾಗಾಗಿ ಬರುವಾಗ ದಾರಿಯೇ ಬೇರೆಯಾಗುವುದೂ ಉಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ವಿಮಾನ ಉತ್ತರ ಧ್ರುವದ ಮೇಲೆಯೇ ಹಾರಿ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಣ್ಣುಮಕ್ಕಳು. ಬೆಂಗಳೂರಿಗೆ ಬರಲು ಸುಮಾರು 17 ಗಂಟೆ ಹಿಡಿಯಿತು. ಅದನ್ನು ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ.

ದುಬೈನಲ್ಲಿ ವಿಮಾನ ಬದಲಿಸುವ ಟಿಕೆಟ್ ಆದರೆ ದೂರ ಸುಮಾರು 15,700 ಕಿ.ಮೀ. ಆಗುತ್ತದೆ, ಕಾಯುವ ಗಂಟೆಗಳು ಬೇರೆ. ಮೊದಲ ಸಲ ಹೋಗುವವರಿಗೆ ವ್ಹೀಲ್‌ಚೇರ್ ನೆರವು ಮೊದಲೇ ಕೇಳಿಡಿ. ಗೇಟ್ ಹುಡುಕುತ್ತಾ ಅಲೆಯುವುದು ತಪ್ಪುತ್ತದೆ.

ಟಿಕೆಟ್‌ನಲ್ಲಿ ಎಲ್ಲರೂ ಎಡವುವುದು ಗಡಿಯಾರದಲ್ಲಿ. ಎರಡೂ ಕಡೆ ಬರೆದಿರುವುದು ಆಯಾ ಊರಿನ ಸಮಯ. ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಹನ್ನೆರಡೂವರೆ. ಚಳಿಗಾಲದಲ್ಲಿ ಇಲ್ಲಿ ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೂ ಅಲ್ಲಿ ಇಳಿಯುವಾಗ ಅದೇ ಸೋಮವಾರ ಸಂಜೆ ನಾಲ್ಕೂವರೆ! ಬರುವಾಗ ಸೋಮವಾರ ರಾತ್ರಿ 8ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಇಲ್ಲಿ ಬುಧವಾರ ಬೆಳಗಿನ ಜಾವ 3.

ಹಾಗಾಗಿ ಅಮ್ಮ ಸಕ್ಕರೆ ಅಥವಾ ಬಿಪಿ ಮಾತ್ರೆ ತಗೊಳ್ಳುವವರಾದರೆ ಸುಮ್ನೆ ಗಡಿಯಾರ ನೋಡಿ ನುಂಗುವುದು ಬೇಡ. ಟಿಕೆಟ್ ತೋರಿಸಿ ಡಾಕ್ಟರ ಹತ್ತಿರವೇ ಹೊತ್ತು ಬರೆಸಿಕೊಳ್ಳಿ. ಆ ಚೀಟಿ ಮತ್ತು ಮಾತ್ರೆ ಕೈಚೀಲದಲ್ಲೇ ಇರಲಿ.