ಜೋಡಿ ಕಟ್ಟಿದವರು ಯಾರು?

ನಾನು ಆಪ್ತಸಲಹೆಗಾರ್ತಿ. ಫೋನ್ ಮಾಡಿ ಸಮಯ ಕೇಳಿದ್ದು ಹೆಂಡತಿ. "ಮನೇಲಿ ಜಗಳ ಜಾಸ್ತಿ ಆಗಿದೆ ಮೇಡಂ. ಸಣ್ಣದಕ್ಕೂ ಕೂಗಾಡ್ತಾರೆ. ಆಮೇಲೆ ತಾವೇ ಅಳ್ತಾ ಕೂರ್ತಾರೆ" ಎಂದರು. ಗಂಡನ ಕೆಲಸ ಏನು ಎಂದು ಕೇಳಿದೆ. ಸ್ವಲ್ಪ ತಡೆದು, "ಬಾಕ್ಸಿಂಗ್" ಎಂದರು. "ದುಡ್ಡಿಗೆ ಆಡೋದು. ಬ್ಯಾಂಕಾಕ್, ದುಬೈ ಅಂತ ಹೋಗಿ ಬರ್ತಾರೆ."

ಇದನ್ನು ಬರೆಯಲು ಇಬ್ಬರ ಒಪ್ಪಿಗೆಯೂ ಇದೆ. ವಯಸ್ಸು, ಪಂದ್ಯಗಳ ಲೆಕ್ಕ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ. ಎರಡನೇ ಭೇಟಿಯಲ್ಲೇ ಅವನು "ಬಹುವಚನ ಬೇಡ ಮೇಡಂ, ಮುಜುಗರ ಆಗುತ್ತೆ" ಎಂದಿದ್ದ. ಇಲ್ಲೂ ಹಾಗೇ ಬರೆಯುತ್ತೇನೆ.

ವಯಸ್ಸು 29. ಹಳೇ ಮೈಸೂರು ಕಡೆಯವನು. ತಾತ ಗರಡಿ ಮನೆಯ ಪೈಲ್ವಾನರು. ಇವನು ಶಾಲೆಯಲ್ಲಿರುವಾಗಲೇ ಕುಸ್ತಿ ಬಿಟ್ಟು ಗ್ಲೌಸ್ ಹಾಕಿದ. ರಾಜ್ಯ ಮಟ್ಟದಲ್ಲಿ ಪದಕ ಬಂತು, ಕ್ರೀಡಾ ಕೋಟಾದ ಕೆಲಸ ಬರಲಿಲ್ಲ. ಹಾಗಾಗಿ ವೃತ್ತಿಪರ ಬಾಕ್ಸಿಂಗ್‌ಗೆ ಇಳಿದ.

ಕುಳಿತ ಐದೇ ನಿಮಿಷಕ್ಕೆ ಫೋನ್ ತೆಗೆದು ಬಾಕ್ಸ್‌ರೆಕ್ ತಾಣದಲ್ಲಿ ತನ್ನ ಪುಟ ತೋರಿಸಿದ. ಪ್ರಪಂಚದ ಯಾವ ಮೂಲೆಯಲ್ಲಿ ಆಡಿದರೂ ವೃತ್ತಿಪರ ಬಾಕ್ಸರನ ಲೆಕ್ಕ ಅಲ್ಲಿ ಸೇರುತ್ತದೆ. ಗೆದ್ದದ್ದು ಹಸಿರು, ಸೋತದ್ದು ಕೆಂಪು. ಇವನದು 17 ಪಂದ್ಯ. ಭಾರತದಲ್ಲಿ ಆಡಿದ 11ರಲ್ಲಿ 10 ಗೆಲುವು. ಹೊರಗೆ ಆಡಿದ 6ರಲ್ಲಿ ಆರೂ ಸೋಲು. ಅದರಲ್ಲಿ ಮೂರು ನಾಕೌಟ್, ಅಂದರೆ ಏಟಿಗೆ ಬಿದ್ದು ಏಳಲಾಗದೆ ಸೋತದ್ದು.

"ನೋಡಿ ಮೇಡಂ, ವಿಮಾನ ಹತ್ತಿದ ತಕ್ಷಣ ನನಗೇನೋ ಆಗುತ್ತೆ. ನನ್ನ ಮನಸ್ಸು ವೀಕು. ಅದನ್ನ ಗಟ್ಟಿ ಮಾಡಿಕೊಡಿ."

ಆಟಗಾರರು ಬಂದಾಗ ಸಾಮಾನ್ಯವಾಗಿ ಕೇಳುವುದು ಇದನ್ನೇ. ಉಸಿರಾಟದ ಅಭ್ಯಾಸ, ಪಂದ್ಯವನ್ನು ಕಣ್ಣ ಮುಂದೆ ತಂದುಕೊಳ್ಳುವುದು, ನಿದ್ದೆಯ ಶಿಸ್ತು ಎಂದು ನಾನೂ ಅಲ್ಲಿಂದಲೇ ಶುರು ಮಾಡಬಹುದಿತ್ತು. ಆದರೆ ಆ ಆರು ಕೆಂಪು ಸಾಲುಗಳ ಬಗ್ಗೆ ಒಂದೊಂದಾಗಿ ಕೇಳಬೇಕು ಅನ್ನಿಸಿತು. ಕರೆ ಬಂದದ್ದು ಪಂದ್ಯಕ್ಕೆ ಎಷ್ಟು ದಿನ ಮುಂಚೆ? ಒಂದಕ್ಕೆ 12 ದಿನ, ಒಂದಕ್ಕೆ 8, ಕೊನೆಯದಕ್ಕೆ 6. ತೂಕ ಎಷ್ಟು ಇಳಿಸಿದೆ? ನಾಲ್ಕು ದಿನದಲ್ಲಿ ಐದು ಕೆ.ಜಿ., ಬಹುಪಾಲು ನೀರು ಕುಡಿಯುವುದನ್ನು ಬಿಟ್ಟೇ. ಎದುರಾಳಿ? ಅವರೂರಿನವನು, ಒಂದೂ ಸೋಲದವನು. ಎಷ್ಟು ಸುತ್ತು? ಎಂಟು. ಇಲ್ಲಿ ಇವನು ಆರು ಸುತ್ತು ದಾಟಿಯೇ ಇರಲಿಲ್ಲ. ರಿಂಗಿನ ಮೂಲೆಯಲ್ಲಿ, ಸುತ್ತು ಮುಗಿದಾಗ ನೋಡಿಕೊಳ್ಳಲು, ನಿನ್ನ ಕೋಚ್ ಇದ್ದರಾ? ಇಲ್ಲ. ಟಿಕೆಟ್ ಒಂದೇ ಕೊಟ್ಟಿದ್ದರು. ಅಲ್ಲಿಯವನೇ ಒಬ್ಬ ನೀರು ಕುಡಿಸಿದ. ಅವನ ಭಾಷೆ ಇವನಿಗೆ ಬರುತ್ತಿರಲಿಲ್ಲ.

ಆಮೇಲೆ ಹಸಿರು ಸಾಲುಗಳನ್ನೂ ಕೇಳಿದೆ. ಎದುರಿಗೆ ನಿಂತವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮೊದಲ ಸಲ ಆಡಿದವರು, ಇಲ್ಲವೇ ಆಡಿದ್ದೆಲ್ಲ ಸೋತವರು. ಇದನ್ನು ಹೇಳುವಾಗ ಅವನ ದನಿ ಇಳಿಯಿತು.

ನನಗೆ ಅವನ ತಾತ ನೆನಪಾದರು. "ದಸರಾ ಕುಸ್ತಿಗೆ ಜೋಡಿ ಹೇಗೆ ಕಟ್ತಿದ್ರು ಅಂತ ತಾತ ಹೇಳಿದ್ದಾರಾ?" ಎಂದು ಕೇಳಿದೆ. ಮುಖ ಅರಳಿತು. ಗರಡಿಯ ಹಿರಿಯರು ಸಾಲಾಗಿ ಕೂರುವುದು, ಹುಡುಗರು ಚಡ್ಡಿ ಕಟ್ಟಿ ಎದುರಿಗೆ ನಿಲ್ಲುವುದು, ಮೈಕಟ್ಟು, ತೂಕ, ಹಿಂದಿನ ಪಂದ್ಯ ನೋಡಿ ಸಮಸಮ ಅನ್ನಿಸಿದರೆ ಮಾತ್ರ ಕೈ ಕೈ ಸೇರಿಸುವುದು, ಎಲ್ಲ ವಿವರಿಸಿದ. ಜೋಡಿ ಸರಿ ಇಲ್ಲ ಅಂದರೆ ಯಾವ ಹಿರಿಯನಾದರೂ "ಇದು ಬೇಡ" ಎನ್ನಬಹುದಿತ್ತಂತೆ.

"ಬ್ಯಾಂಕಾಕಿನ ಜೋಡಿ ಕಟ್ಟಿದ್ದು ಯಾರು?" ಎಂದೆ.

ತುಂಬ ಹೊತ್ತು ಮಾತಾಡಲಿಲ್ಲ. ಹೆಂಡತಿ ಅವನ ಕೈ ಹಿಡಿದುಕೊಂಡರು.

ಈ ಕಸುಬು ನಡೆಯುವುದೇ ಹೀಗೆ. ಪಂದ್ಯ ನಡೆಸುವವರು ತಮ್ಮೂರ ಹುಡುಗನನ್ನು ಬೆಳೆಸಬೇಕು, ಟಿಕೆಟ್ ಮಾರಬೇಕು. ಅವನಿಗೆ ಗೆಲ್ಲಬಹುದಾದ ಎದುರಾಳಿ ಬೇಕು. ಆ ಎದುರಾಳಿ ದೂರದಿಂದ, ಕಡಿಮೆ ದುಡ್ಡಿಗೆ, ಕೊನೆ ಗಳಿಗೆಯಲ್ಲಿ ಸಿಗುತ್ತಾನೆ. ಬೆಂಗಳೂರಿನ ಬೆಳಕಿನಲ್ಲಿ ನಿಂತಾಗ ಇವನು ಆ ಊರ ಹುಡುಗ. ಬ್ಯಾಂಕಾಕಿನಲ್ಲಿ ಇವನೇ ಆ ಎದುರಾಳಿ. ಮನಸ್ಸು ಎರಡೂ ಕಡೆ ಒಂದೇ ಇತ್ತು.

ಅವನ ಆರಾಧ್ಯ ದೈವ ವಿಜೇಂದರ್ ಸಿಂಗ್. ಅವರದೇ ದಾಖಲೆ ತೆಗೆಸಿದೆ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು. 2015ರ ಅಕ್ಟೋಬರ್‌ನಲ್ಲಿ ಮೊದಲ ವೃತ್ತಿಪರ ಪಂದ್ಯ ಆಡಿದ್ದು ಭಾರತದಲ್ಲಲ್ಲ, ಮ್ಯಾಂಚೆಸ್ಟರ್‌ನಲ್ಲಿ. ಗೆದ್ದರು. ಮೊದಲ 12 ಪಂದ್ಯವೂ ಗೆಲುವೇ. ಮೊದಲ ಸೋಲು ಬಂದದ್ದು 2021ರ ಮಾರ್ಚ್‌ನಲ್ಲಿ, ಅದೂ ನಮ್ಮ ಗೋವಾದಲ್ಲೇ, ರಷ್ಯಾದ ಆರ್ಟಿಶ್ ಲೋಪ್ಸಾನ್ ಎದುರು. ಇನ್ನೊಬ್ಬ ಭಾರತೀಯ ಬಾಕ್ಸರ್ ನಿಶಾಂತ್ ದೇವ್ ಕೂಡ 2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಗೆದ್ದೇ ವೃತ್ತಿ ಶುರು ಮಾಡಿದರು. ಇಬ್ಬರ ಬೆನ್ನಿಗೂ ಪಂದ್ಯ ನಡೆಸುವ ದೊಡ್ಡ ಸಂಸ್ಥೆಗಳಿದ್ದವು. ವಿಮಾನ ಹತ್ತಿದವರೆಲ್ಲ ಸೋಲುವುದಿಲ್ಲ. ಜೋಡಿ ಕಟ್ಟುವಾಗ ತಮ್ಮ ಕಡೆಯವರು ಯಾರೂ ಇಲ್ಲದವರು ಸೋಲುತ್ತಾರೆ.

ಇಷ್ಟಕ್ಕೇ ಅವನ ಭುಜ ಸ್ವಲ್ಪ ಸಡಿಲವಾಯಿತು. ಆದರೆ ನನಗೆ ಸಮಾಧಾನ ಇರಲಿಲ್ಲ. ಹೆಂಡತಿ ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಉಳಿದಿತ್ತು. "ಹಾಲು ತಂದ್ರಾ ಅಂತ ಕೇಳ್ತಾರೆ. ತಂದೆ ಅಂತೀನಿ. ಐದು ನಿಮಿಷ ಬಿಟ್ಟು ಮತ್ತೆ ಕೇಳ್ತಾರೆ."

ಬಿಡಿಸಿ ಕೇಳಿದಾಗ ಒಂದೊಂದೇ ಹೊರಬಂತು. ವಾರದಲ್ಲಿ ನಾಲ್ಕೈದು ದಿನ ತಲೆನೋವು. ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ದಿನವೂ ನೋವಿನ ಮಾತ್ರೆ. ಕೊನೆಯ ಎರಡು ನಾಕೌಟ್‌ಗಳ ನಡುವೆ ಬರೀ ಐದು ವಾರ. ಮೊದಲನೆಯದಾದ ಮೇಲೆ ಅಲ್ಲಿಯ ವೈದ್ಯರು 60 ದಿನ ಆಡಬಾರದು ಎಂದು ಬರೆದುಕೊಟ್ಟಿದ್ದರು. ಬೇರೆ ದೇಶದಿಂದ ಕರೆ ಬಂತು. ಏಜೆಂಟ್ "ಆ ಚೀಟಿ ಇಲ್ಲಿ ಯಾರೂ ಕೇಳಲ್ಲ" ಎಂದ. ಇವನು ಅರ್ಜಿಯಲ್ಲಿ "ಹಿಂದೆ ತಲೆಗೆ ಪೆಟ್ಟಾಗಿದೆಯೇ" ಅನ್ನುವ ಕಡೆ "ಇಲ್ಲ" ಎಂದು ಗುರುತು ಹಾಕಿದ.

ಇಲ್ಲಿಗೆ ಆಪ್ತಸಲಹೆ ನಿಲ್ಲಿಸಿದೆ. ಮೊದಲು ನರರೋಗ ತಜ್ಞರನ್ನು ನೋಡಬೇಕು, ಅಲ್ಲಿಯವರೆಗೆ ಸ್ಪಾರಿಂಗ್, ಅಂದರೆ ಅಭ್ಯಾಸದ ಕಾಳಗ ಕೂಡ ಬೇಡ ಎಂದೆ. ಸಿಟ್ಟು, ಮರೆವು, ಅಳು ಇವೆಲ್ಲ ಸ್ವಭಾವ ಕೆಟ್ಟದ್ದರಿಂದಲೇ ಬಂದಿರಬೇಕೆಂದಿಲ್ಲ, ಪೆಟ್ಟು ತಿಂದ ಮಿದುಳು ಹೀಗೂ ನಡೆದುಕೊಳ್ಳುತ್ತದೆ ಎಂದು ಇಬ್ಬರಿಗೂ ಹೇಳಿದೆ. ಹೆಂಡತಿಯ ಕಣ್ಣು ತುಂಬಿತು. ಅಷ್ಟು ದಿನ ಅವರು ತಮ್ಮದೇ ತಪ್ಪು ಅಂದುಕೊಂಡಿದ್ದರು. ಸಾಯುವ ಯೋಚನೆ ಬರುತ್ತದೆಯೇ ಎಂದು ಅವನನ್ನು ನೇರವಾಗಿಯೇ ಕೇಳಿದೆ. ಇಲ್ಲ ಎಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಇಬ್ಬರ ಫೋನಿನಲ್ಲೂ ಹಾಕಿಸಿದೆ. ರಾತ್ರಿ ಎರಡು ಗಂಟೆಗೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.

"ಮೇಡಂ, ಅಷ್ಟೊಂದು ಹೆದರಬೇಕಾ?" ಎಂದು ಕೇಳಿದ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ ಮಾತು ಎತ್ತಿದೆ. ಜಟ್ಟಿಗಳ ತಲೆಯಿಂದ ಮೊದಲ ಹನಿ ರಕ್ತ ಬಿದ್ದ ಕ್ಷಣ ಕಾಳಗ ಮುಗಿಯುತ್ತದೆ. ಬಾಕ್ಸಿಂಗ್‌ನಲ್ಲಿ ಅಪಾಯದ ರಕ್ತ ತಲೆಬುರುಡೆಯ ಒಳಗೆ ಸುರಿಯುತ್ತದೆ, ರೆಫರಿಗೆ ಕಾಣುವುದಿಲ್ಲ. 1982ರಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಲಾಸ್ ವೇಗಸ್‌ಗೆ ಹೋಗಿ ರೇ ಮ್ಯಾನ್ಸಿನಿ ಎದುರು ಆಡಿದ. 14ನೇ ಸುತ್ತಿನಲ್ಲಿ ಬಿದ್ದ. ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನೂ ಪರದೇಶದಲ್ಲಿ ಎದುರಾಳಿಯಾಗಿ ನಿಂತವನು. ಅದಾದ ಮೇಲೆ ಪ್ರಶಸ್ತಿ ಪಂದ್ಯಗಳು 15 ಸುತ್ತಿನಿಂದ 12ಕ್ಕೆ ಇಳಿದವು. ನಾನು ಮುಗಿಸುವ ಮೊದಲೇ ಅವನು 2022ರಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದು ತೀರಿಹೋದ ಮೈಸೂರಿನ ಹುಡುಗನನ್ನು ನೆನೆದ. ಮುಂದೆ ಹೇಳುವ ಅಗತ್ಯ ಬೀಳಲಿಲ್ಲ.

ನಿಮ್ಹಾನ್ಸ್‌ನಲ್ಲಿ ತೋರಿಸಿಕೊಂಡು ಬಂದ. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಸಿಹಿ ತಂದಿದ್ದ, ಮುಂದಿನ ತಿಂಗಳು ಆಡಬಹುದು ಅಂದುಕೊಂಡೇ ಬಂದಿದ್ದ. ಸಿಹಿ ತಿಂದೆ. ಆಮೇಲೆ ವೈದ್ಯರ ಚೀಟಿಯನ್ನು ಜೊತೆಯಲ್ಲೇ ಕೂತು ಓದಿದೆವು. ರಕ್ತಸ್ರಾವ ಇಲ್ಲ ಅನ್ನುವುದನ್ನು ಸ್ಕ್ಯಾನ್ ಹೇಳುತ್ತದೆ. ಮಿದುಳು ಅಲುಗಾಡಿ ಆದ ತೊಂದರೆ ಎಷ್ಟೋ ಸಲ ಅದರಲ್ಲಿ ಕಾಣುವುದೇ ಇಲ್ಲ. ಅದು ಮಾಯುವ ಮೊದಲೇ ಮತ್ತೆ ಪೆಟ್ಟು ಬಿದ್ದರೆ ಜೀವಕ್ಕೇ ಕುತ್ತು. ಮೂರು ತಿಂಗಳು ತಲೆಗೆ ಒಂದೂ ಏಟು ಬೀಳಬಾರದು, ಆಮೇಲೆ ಮತ್ತೆ ಪರೀಕ್ಷೆ ಎಂದು ಅವರು ಬರೆದಿದ್ದರು. ನೋವಿನ ಮಾತ್ರೆ ಕೂಡ ಕಡಿಮೆ ಮಾಡಿಸಿದರು. ತಿಂಗಳಲ್ಲಿ ಅರ್ಧದಷ್ಟು ದಿನ ಮಾತ್ರೆ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಹುದು.

ಈಗ ನನ್ನ ತಪ್ಪನ್ನು ಹೇಳಬೇಕು. ಮುಂದಿನ ಭೇಟಿಯಲ್ಲಿ ನಾನು "ಇನ್ನು ಇದನ್ನ ಬಿಟ್ಟುಬಿಡು" ಎಂದೆ. ಅವನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಅವನು ಇನ್ನೂ ಕೇಳಿಸಿಕೊಳ್ಳುವ ಜಾಗದಲ್ಲಿರಲಿಲ್ಲ. ಎರಡು ವಾರ ಬರಲೇ ಇಲ್ಲ. ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಆಡುವುದೋ ಬಿಡುವುದೋ ನಿನ್ನ ತೀರ್ಮಾನ, ಕಣ್ಣು ಬಿಟ್ಟು ತೀರ್ಮಾನ ಮಾಡುವುದಕ್ಕೆ ನಾನು ಜೊತೆಗಿರುತ್ತೇನೆ ಎಂದೆ. ಮರುದಿನವೇ ಬಂದ.

ಬಂದು ಫ್ಲೆಕ್ಸ್ ಕಥೆ ಹೇಳಿದ. ದುಬೈನಲ್ಲಿ ಎರಡನೇ ಸುತ್ತಿನಲ್ಲೇ ಬಿದ್ದು ಊರಿಗೆ ಬಂದರೆ ಬಸ್ ನಿಲ್ದಾಣದಲ್ಲಿ ದೊಡ್ಡ ಫ್ಲೆಕ್ಸ್. "ಅಂತರರಾಷ್ಟ್ರೀಯ ಬಾಕ್ಸರ್‌ಗೆ ಹಾರ್ದಿಕ ಸ್ವಾಗತ." ಸುತ್ತ ಊರ ಮುಖಂಡರ ಫೋಟೊ. ಅಪ್ಪ ಹೊಸ ಪಂಚೆ ಉಟ್ಟು ನಿಂತಿದ್ದರು. ಹಾರ ಹಾಕಿಸಿಕೊಂಡ. ಸೋತೆ ಎಂದು ಹೇಳಲು ಬಾಯಿ ಬರಲಿಲ್ಲ. ಅದಾದ ಮೇಲೆ ಬಂದ ಪ್ರತಿ ಕರೆಗೂ ಅವನು ಒಪ್ಪಿದ್ದು ಆ ಫ್ಲೆಕ್ಸ್ ನಿಜ ಮಾಡಲು. ಒಂದು ಸಲ ಹೊರಗೆ ಗೆದ್ದರೆ ಸಾಕಿತ್ತು. ದುಡ್ಡಿನ ಆಸೆ ಅಂದುಕೊಂಡಿದ್ದೆ ನಾನು. ದುಡ್ಡು ನೋಡಿದರೆ ಉಳಿಯುತ್ತಲೇ ಇರಲಿಲ್ಲ. ಏಜೆಂಟನ ಪಾಲು, ರಕ್ತಪರೀಕ್ಷೆ, ಸ್ಕ್ಯಾನ್, ಕೋಚ್ ಎಲ್ಲ ಕಳೆದು ಅವನೇ ಸಾಲ ಮಾಡಿಕೊಂಡಿದ್ದ.

ನಾನು ಕೊಟ್ಟ ಸಲಹೆಗಳಲ್ಲಿ ಅವನಿಗೆ ಕಷ್ಟ ಆದದ್ದು ಒಂದೇ. ಅಪ್ಪನಿಗೆ ನಿಜ ಹೇಳುವುದು. ಇಲ್ಲೇ ಕೂತು ಮೂರು ಸಲ ಹೇಳಿ ಅಭ್ಯಾಸ ಮಾಡಿದ. ಊರಿಗೆ ಹೋಗಿ ಹೇಳಿದ. ಅಪ್ಪ "ಊಟ ಮಾಡು" ಎಂದರಂತೆ, ಅಷ್ಟೇ. ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಅಟ್ಟದಲ್ಲಿ ಮಡಚಿಟ್ಟಿದ್ದ ಫ್ಲೆಕ್ಸ್ ತೆಗೆದು ಹುಲ್ಲಿನ ಮೆದೆ ಮೇಲೆ ಹೊದಿಸಿದರು. "ಮಳೆ ಬರೋ ಹಾಗಿದೆ" ಎಂದರಂತೆ. ಇದನ್ನು ಹೇಳುವಾಗ ಅವನು ನಗುತ್ತಲೂ ಇದ್ದ, ಅಳುತ್ತಲೂ ಇದ್ದ.

ಉಳಿದವು ದಿನದಿನದ ಕೆಲಸ. ಹೆಂಡತಿ ಪ್ರತಿ ರಾತ್ರಿ ಒಂದು ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆಯುತ್ತಾರೆ. ತಲೆನೋವು ಇತ್ತೇ, ನಿದ್ದೆ ಎಷ್ಟು, ಸಿಟ್ಟು ಬಂತೇ. ವೈದ್ಯರು ಅದನ್ನೇ ಮೊದಲು ಕೇಳುತ್ತಾರೆ. ಅಡುಗೆಮನೆಯ ಗೋಡೆ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ. ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಯಾರನ್ನೂ ಕೇಳದೆ ಆಸ್ಪತ್ರೆಗೆ ಹೋಗಬೇಕು. ಸಾಲಕ್ಕೆ ಅವನೇ ದಾರಿ ಹುಡುಕಿದ. ದಿನಕ್ಕೆ ಎರಡು ಹೊತ್ತು ಜಿಮ್‌ನಲ್ಲಿ ಹೆಣ್ಣುಮಕ್ಕಳಿಗೆ, ಐಟಿಯವರಿಗೆ ಬಾಕ್ಸಿಂಗ್ ವ್ಯಾಯಾಮ ಹೇಳಿಕೊಡುತ್ತಾನೆ. ಅವರು ಗುದ್ದಲು ಪ್ಯಾಡ್ ಹಿಡಿಯುತ್ತಾನೆ, ತಲೆಗೆ ಏಟಿಲ್ಲ.

ಮುಖ್ಯವಾದದ್ದು ಕರೆ ಬಂದಾಗ ಕೇಳಬೇಕಾದ ಪ್ರಶ್ನೆಗಳು. ಜೊತೆಗೂಡಿ ಬರೆದೆವು. ಗರಡಿಯ ಹಿರಿಯರು ಕೇಳುತ್ತಿದ್ದದ್ದನ್ನು ಇನ್ನು ಇವನೇ ಕೇಳಬೇಕಲ್ಲ. ಎಷ್ಟು ದಿನ ಇದೆ, ಆರು ವಾರಕ್ಕಿಂತ ಕಡಿಮೆಯಾದರೆ ಇಲ್ಲ. ತೂಕ ಎಷ್ಟು, ನೀರು ಬಿಟ್ಟು ಇಳಿಸಬೇಕಾದರೆ ಇಲ್ಲ, ಏಕೆಂದರೆ ಒಣಗಿದ ಮೈಗೆ ಬಿದ್ದ ಏಟು ಹೆಚ್ಚು ಅಪಾಯ. ಎದುರಾಳಿ ಯಾರು, ಎಷ್ಟು ಸುತ್ತು. ನನ್ನ ಮೂಲೆಯಲ್ಲಿ ನನ್ನ ಕೋಚ್ ಇರುತ್ತಾರಾ. ರಿಂಗ್ ಪಕ್ಕದಲ್ಲಿ ವೈದ್ಯರು, ಆಂಬುಲೆನ್ಸ್ ಇದೆಯಾ. ಆಸ್ಪತ್ರೆ ಸೇರಿದರೆ ಖರ್ಚು ಯಾರದು. ಇದೆಲ್ಲ ಬರಹದಲ್ಲಿ ಬರುತ್ತಾ. ಬ್ರಿಟನ್‌ನಲ್ಲಿ ಲೈಸೆನ್ಸ್‌ಗೆ ಪ್ರತಿ ವರ್ಷ ಮಿದುಳಿನ ಸ್ಕ್ಯಾನ್ ಬೇಕೇ ಬೇಕು. ಎಲ್ಲ ಕಡೆ ಆ ಕಟ್ಟುನಿಟ್ಟು ಇಲ್ಲ. ಇಲ್ಲದ ಕಡೆ ಬಾಕ್ಸರ್ ತಾನೇ ಕಟ್ಟುನಿಟ್ಟಾಗಬೇಕು. ಅರ್ಜಿಯಲ್ಲಿ ಸುಳ್ಳು ಬರೆಯುವುದಿಲ್ಲ ಎಂದೂ ಸೇರಿಸಿದ. ಅದು ಅವನೇ ಹೇಳಿದ್ದು.

ಅವನು ಬಾಕ್ಸಿಂಗ್ ಬಿಟ್ಟಿಲ್ಲ. ಊರ ಹತ್ತಿರ ಒಂದು ಸರಿಯಾದ ಪಂದ್ಯ ಆಡಿ ನಿಲ್ಲಿಸಬೇಕು ಅನ್ನುತ್ತಾನೆ. ಹೆಂಡತಿಗೆ ಅದೂ ಬೇಡ. ಆ ಮಾತು ಇನ್ನೂ ನಡೆಯುತ್ತಿದೆ. ತಲೆನೋವು ವಾರಕ್ಕೆ ಒಂದು ದಿನಕ್ಕೆ ಇಳಿದಿದೆ. ಮೂರು ತಿಂಗಳ ಪರೀಕ್ಷೆ ಆದ ಮೇಲೂ ವೈದ್ಯರು ಇನ್ನಷ್ಟು ಕಾಯಲು ಹೇಳಿದ್ದಾರೆ.

ಕಳೆದ ಭೇಟಿಗೆ ಮುಖ ಬಾಡಿಸಿಕೊಂಡು ಬಂದಿದ್ದ. ಬ್ಯಾಂಕಾಕಿನಿಂದ ಕರೆ ಬಂದಿತ್ತಂತೆ. ಒಂಬತ್ತು ದಿನದಲ್ಲಿ ಪಂದ್ಯ. ಚೀಟಿ ಹಿಡಿದು ಮೂರನೇ ಪ್ರಶ್ನೆ ಕೇಳುವಷ್ಟರಲ್ಲಿ ಆ ಕಡೆಯವರು ಫೋನ್ ಇಟ್ಟರು. "ಹತ್ತು ನಿಮಿಷದಲ್ಲಿ ಇನ್ನೊಬ್ಬನನ್ನ ಹುಡುಕಿದ್ರು ಮೇಡಂ. ನಮ್ಮ ಜಿಮ್ಮಿನ ಹುಡುಗನೇ. ಇಪ್ಪತ್ತೊಂದು ವಯಸ್ಸು. ಪಾಸ್‌ಪೋರ್ಟ್ ಬಂದು ಎರಡು ತಿಂಗಳೂ ಆಗಿಲ್ಲ."

"ನೀನೇನು ಮಾಡಿದೆ?" ಎಂದೆ.

"ಅವನ ಮನೆಗೆ ಹೋದೆ. ಅವರಪ್ಪನೂ ಇದ್ರು. ಚೀಟೀಲಿ ಇದ್ದ ಪ್ರಶ್ನೆಗಳನ್ನ ಒಂದೊಂದೇ ಓದಿದೆ."