ಸಂಪಾದಕರ ಉತ್ತರ: ಬಿಟ್ಟುಹೋದ ಸೊನ್ನೆ

ಕುಮಟೆಯ ಅಕ್ಕೋರಿಗೆ ನಮಸ್ಕಾರ.

ತಡವಾಗಿ ಬಂದ ಹುಡುಗನನ್ನು ಇಡೀ ಕ್ಲಾಸಿನ ಎದುರು ಬೈದಿರಿ. ಅವನು ಬೆಳಿಗ್ಗೆ ಅಪ್ಪನ ಜೊತೆ ದೋಣಿಯಿಂದ ಮೀನು ಇಳಿಸಿ ಬಂದಿದ್ದ ಅಂತ ಆಮೇಲೆ ತಿಳಿಯಿತು. ಅವತ್ತಿನಿಂದ ದಿನಾ ರಾತ್ರಿ 'ನಾನು ಕೆಟ್ಟ ಟೀಚರ್' ಅಂತ ಹೊರಳಾಡುತ್ತೀರಿ. ಆತ್ಮವಿಮರ್ಶೆ ಅಂದ್ರೆ ಇದೇ ಅಲ್ವಾ ಅಂತ ಕೇಳಿದ್ದೀರಿ.

ಅಲ್ಲ ಅಕ್ಕೋರೆ. ನಿಮ್ಮ ಪತ್ರದಲ್ಲಿ 'ನಾನು' 19 ಸಲ ಬಂದಿದೆ (ಎಣಿಸಿದೆ, ಪ್ರೂಫ್ ನೋಡುವವನ ಚಟ). ಹುಡುಗ ಬಂದಿದ್ದು ಎರಡೇ ಸಲ.

ನನ್ನ ಕಥೆ ಕೇಳಿ. ಒಂದು ಮಳೆಗಾಲದಲ್ಲಿ ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿನ ಬಗ್ಗೆ ಲೇಖನ ಹಾಕಿದ್ದೆವು. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಅಚ್ಚಾಗಿದ್ದು 10 ಲೀಟರ್. ಪ್ರೂಫ್ ನೋಡಿದ್ದು ನಾನೇ. ಮುಖ ಸಣ್ಣ ಮಾಡಿಕೊಂಡು, ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ ಅಂತ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ಓಡಾಡಿದೆ, ಅವರೆಲ್ಲ 'ಛೇ, ನಿಮ್ಮಂಥವರು ಯಾರಿದ್ದಾರೆ' ಅಂದರು, ಸುಳ್ಳು ಯಾಕೆ, ಕೇಳೋಕೆ ಹಿತವಾಗಿತ್ತು. ಸಿದ್ದಾಪುರ ಕಡೆಯ ಹಿರಿಯ ಕೃಷಿಕರೊಬ್ಬರು ಮಾತ್ರ ಫೋನ್ ಮಾಡಿ, "ತಮಾ, ನೀ ಅತ್ರೆ ಸೊನ್ನೆ ವಾಪಸ್ ಬತ್ತಿಲ್ಲೆ. ಮೊದ್ಲು ಸರಿ ಮಾಡಿ ಹಾಕು" ಅಂದರು.

ಅದೇ ಮದ್ದನ್ನು ಕಲಸಿದ ಮೇಲೆ ಹೇಗೆ ಪರೀಕ್ಷಿಸುತ್ತಾರೆ ನೋಡಿ. ಚಂದದ ನೀಲಿ ಬಂತು ಅಂತ ಬಿಡುವುದಿಲ್ಲ. ತಿಕ್ಕಿ ಹೊಳೆಸಿದ ಕತ್ತಿಯನ್ನು ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸೇರಿಸಿ ಮತ್ತೆ ಅದ್ದುತ್ತಾರೆ, ಆಮೇಲಷ್ಟೇ ಮದ್ದು ಹೊಡೆಯುವ ಕೊನೆಗೌಡ ಮರ ಹತ್ತುವುದು. ಕೆಂಪು ಕಂಡಿತು ಅಂತ ಡ್ರಮ್ಮಿನ ಎದುರು ಯಾರೂ ತಲೆ ಚಚ್ಚಿಕೊಳ್ಳುವುದಿಲ್ಲ.

1919ರಲ್ಲಿ ರೌಲತ್ ಕಾಯ್ದೆ ವಿರುದ್ಧದ ಚಳವಳಿ ಗಲಭೆಗೆ ತಿರುಗಿದಾಗ ಗಾಂಧೀಜಿ ನಡಿಯಾದಿನಲ್ಲಿ ಜನರೆದುರೇ 'ಹಿಮಾಲಯದಂಥ ತಪ್ಪು ಮಾಡಿದೆ' ಅಂದರು. ಯಾವ ತಪ್ಪು ಅಂತಲೂ ಹೇಳಿದರು: ಇನ್ನೂ ಪಳಗದ ಜನರನ್ನು ಕಾನೂನು ಮುರಿಯಲು ಕರೆದದ್ದು. 1930ರಲ್ಲಿ ದಂಡಿಗೆ ಹೊರಟಾಗ ಜೊತೆಗೆ ಕರೆದುಕೊಂಡಿದ್ದು ಆಶ್ರಮದಲ್ಲಿ ಪಳಗಿದವರನ್ನು. ನಮ್ಮ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಗಿದ್ದೂ ಅದೇ ಏಪ್ರಿಲ್ 13ರಂದು. ತಪ್ಪು ಒಪ್ಪಿಕೊಂಡವರ ಮಾತಿಗೆ ಬೆಲೆ ಹೋಗುತ್ತದೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ನೀವು ಕೆಟ್ಟ ಟೀಚರ್ ಅಲ್ಲ, ಅದು ಇಲ್ಲಿ ಪ್ರಶ್ನೆಯೂ ಅಲ್ಲ. ಕಾರಣ ಕೇಳದೆ ಬೈದಿರಿ, ಅಷ್ಟೇ. ಬೈದಿದ್ದು ಎಲ್ಲರ ಎದುರು, ಹಾಗಾಗಿ ಸ್ಟಾಫ್ ರೂಮಿಗೆ ಕರೆದು ಮೆಲ್ಲಗೆ ಹೇಳಿದರೆ ಸಾಲದು. ಅದೇ ಕ್ಲಾಸಿನಲ್ಲಿ 'ಕೇಳದೇ ಬೈದೆ, ತಪ್ಪಾಯ್ತು' ಅನ್ನಿ. ಅವನ ಮನೆ ವಿಷಯ ಮಾತ್ರ ಎತ್ತಬೇಡಿ.

ನಾನು ಮೊದಲು ತಿದ್ದುಪಡಿ ಹಾಕಿದ್ದು ಕೊನೇ ಪುಟದ ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ. ಆ ಹಿರಿಯರು ಮತ್ತೆ ಫೋನ್ ಮಾಡಿದರು. ಮುಂದಿನ ಸಂಚಿಕೆಯಲ್ಲಿ, ಲೇಖನ ಬಂದ ಪುಟದಲ್ಲೇ, ದಪ್ಪ ಅಕ್ಷರದಲ್ಲಿ ಹಾಕಿದೆ.

— ಸಂ.